ಓದುಗರ ಪ್ರಶ್ನೆ: ಸೇವ್ ಮಾಡಿದ ಮೇಲೆ, ಜಾರಿಗೆ ಬರುವ ಮುನ್ನ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಸಂಬಂಧಿಸಿವೆ. ಲಿನಕ್ಸ್ ಯಂತ್ರದ ಕಾನ್ಫಿಗರೇಶನ್ ಫೈಲ್‌ಗಳನ್ನು ಟರ್ಮಿನಲ್‌ನಲ್ಲಿ ತೆರೆದು ತಿದ್ದುವಾಗ ಆಗುವ ತೊಂದರೆಗಳ ಬಗ್ಗೆ ಓದುಗರು ಕೇಳಿದ್ದಾರೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಸಣ್ಣ ಕಚೇರಿ, ಮುದ್ರಣಾಲಯ, ಕಾಲೇಜುಗಳಲ್ಲಿ ಈ ಯಂತ್ರಗಳನ್ನು ನೋಡಿಕೊಳ್ಳುವವರು ಬಹುಪಾಲು ಒಬ್ಬರೇ ಇರುತ್ತಾರೆ, ತಪ್ಪಾದರೆ ಪಕ್ಕದಲ್ಲಿ ಕೇಳಲು ಮತ್ತೊಬ್ಬರು ಇರುವುದಿಲ್ಲ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ. ಅವನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ತಿಳಿಸಿದೆ.

ಪ್ರಶ್ನೆ: ಮಾನ್ಯರೇ, ನಮ್ಮದು ಗದಗದಲ್ಲಿ ಒಂದು ಮುದ್ರಣಾಲಯ. ಡಿಸೈನ್ ಫೈಲ್‌ಗಳನ್ನು ಇಡುವುದಕ್ಕಾಗಿ ಉಬುಂಟು ಹಾಕಿದ ಒಂದು ಯಂತ್ರವಿದೆ. ಅದಕ್ಕೆ ಹೊಸ ಹಾರ್ಡ್ ಡಿಸ್ಕ್ ಸೇರಿಸಿ, ಮೊದಲು ಕೈಯಿಂದಲೇ ಮೌಂಟ್ ಮಾಡಿ, ಆಮೇಲೆ ಅದು ಪ್ರತಿ ಸಲ ತಾನಾಗಿಯೇ ಜೋಡಣೆಯಾಗಲಿ ಎಂದು ಇಟಿಸಿ ಫೋಲ್ಡರಿನ ಎಫ್‌ಸ್ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಬರೆದೆ. ಡಿಸ್ಕಿನ ಹೆಸರನ್ನು ‘ಎಸ್‌ಡಿಬಿ1’ ಎಂದೂ, ಆಯ್ಕೆಯನ್ನು ‘ಡಿಫಾಲ್ಟ್ಸ್’ ಎಂದೂ ಕೊಟ್ಟಿದ್ದೆ. ‘ಮೌಂಟ್ -ಎ’ ಕೊಟ್ಟಾಗ ಯಾವ ದೋಷವೂ ಬರಲಿಲ್ಲ. ಕೆಲವು ವಾರಗಳ ನಂತರ ಕರೆಂಟ್ ಹೋಗಿ ಬಂದಾಗ ಯಂತ್ರ ಏಳಲಿಲ್ಲ, ಕಪ್ಪು ಪರದೆಯಲ್ಲಿ ಎಮರ್ಜೆನ್ಸಿ ಮೋಡ್ ಎಂದು ಬಂದು ನಿಂತಿತು. ಪರೀಕ್ಷೆ ಮಾಡಿಯೂ ಹೀಗೇಕಾಯಿತು? ಮುಂದೆ ಹೀಗಾಗದಂತೆ ತಿದ್ದುವ ಕ್ರಮ ಯಾವುದು?

ಉತ್ತರ: ನೀವು ಪರೀಕ್ಷೆ ಮಾಡಿದ್ದು ನಿಜ, ಆದರೆ ಆ ಪರೀಕ್ಷೆ ನೀವು ಬರೆದ ಸಾಲನ್ನು ಮುಟ್ಟಲೇ ಇಲ್ಲ. ‘ಮೌಂಟ್ -ಎ’ ಎಂಬ ಕಮಾಂಡ್ ಈಗಾಗಲೇ ಜೋಡಣೆಯಾಗಿರುವ ಡಿಸ್ಕ್‌ಗಳನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ನಿಮ್ಮ ಡಿಸ್ಕ್ ಕೈಯಿಂದ ಮೌಂಟ್ ಆಗಿಯೇ ಇದ್ದುದರಿಂದ ಅದಕ್ಕೆ ಮಾಡಲು ಕೆಲಸವಿರಲಿಲ್ಲ, ಹಾಗಾಗಿ ಹೇಳಲು ದೋಷವೂ ಇರಲಿಲ್ಲ. ಮೊದಲು ‘ಯುಮೌಂಟ್’ ಕೊಟ್ಟು ಡಿಸ್ಕನ್ನು ಬಿಡಿಸಿ, ಆಮೇಲೆ ‘ಮೌಂಟ್ -ಎ’ ಕೊಟ್ಟಿದ್ದರೆ ಮಾತ್ರ ಆ ಸಾಲನ್ನು ಓದಿಯೇ ಜೋಡಿಸಬೇಕಾಗುತ್ತಿತ್ತು.

ಎರಡನೆಯ ಕಾರಣ ‘ಎಸ್‌ಡಿಬಿ1’ ಎಂಬ ಹೆಸರು. ಅದು ಡಿಸ್ಕಿಗೆ ಅಂಟಿಕೊಂಡ ಹೆಸರಲ್ಲ. ಯಂತ್ರ ಏಳುವಾಗ ಯಾವ ಡಿಸ್ಕ್ ಯಾವ ಸರದಿಯಲ್ಲಿ ಕಂಡಿತೋ ಅದರ ಮೇಲೆ ಕೊಡುವ ಹೆಸರು. ಒಂದು ಪೆನ್‌ಡ್ರೈವ್ ಸಿಕ್ಕಿಸಿದ್ದಾಗಲೇ ಯಂತ್ರ ಮರಳಿ ಶುರುವಾದರೂ ಸರದಿ ಬದಲಾಗಬಹುದು. ಫೈಲಿನಲ್ಲಿ ಹೇಳಿದ ಡಿಸ್ಕ್ ಕಾಣದಿದ್ದರೆ ಯಂತ್ರ ಏಳುವ ಕೆಲಸ ನಡೆಸುವ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡು ಕಾಯುತ್ತದೆ. ಆಯ್ಕೆಗಳಲ್ಲಿ ‘ನೋಫೇಲ್’ ಎಂದು ಬರೆದಿಲ್ಲವಾದರೆ ಆ ಡಿಸ್ಕ್ ಅತ್ಯಗತ್ಯ ಎಂದು ತಿಳಿದು ಮುಂದಿನ ಕೆಲಸ ನಿಲ್ಲಿಸಿ ಎಮರ್ಜೆನ್ಸಿ ಮೋಡಿಗೆ ಹೋಗುತ್ತದೆ. ಡಿಸೈನ್ ಫೈಲ್‌ಗಳ ಡಿಸ್ಕ್ ಇಲ್ಲದೆಯೂ ನಿಮ್ಮ ಯಂತ್ರ ಏಳಬಲ್ಲದು, ಆದ್ದರಿಂದ ಅಲ್ಲಿ ‘ನೋಫೇಲ್’ ಇರಲೇಬೇಕಿತ್ತು. ಡಿಸ್ಕಿನ ಹೆಸರಿನ ಬದಲು ಅದರ ಯುಯುಐಡಿ ಎಂಬ ಉದ್ದನೆಯ ಗುರುತನ್ನು ಬರೆಯಬೇಕು. ‘ಸುಡೋ ಬಿಎಲ್‌ಕೆಐಡಿ’ ಎಂದರೆ ಅದು ಸಿಗುತ್ತದೆ (ರೂಟ್ ಎಂಬ ಪೂರ್ಣಾಧಿಕಾರದ ಖಾತೆಯ ಹೆಸರಿನಲ್ಲಿ ಕಮಾಂಡ್ ಓಡಿಸುವುದೇ ಸುಡೋ), ಮತ್ತು ಡಿಸ್ಕನ್ನು ಯಾವ ಕೇಬಲ್ಲಿಗೆ ಹಾಕಿದರೂ ಬದಲಾಗುವುದಿಲ್ಲ.

ಇಷ್ಟು ನಿಮ್ಮ ಸಾಲಿನ ವಿಷಯ. ಕ್ರಮದ ಬಗ್ಗೆ ನಾನು ಒತ್ತಿ ಹೇಳಬೇಕೆಂದಿರುವ ಮಾತು ಬೇರೆ ಇದೆ. ಕಾನ್ಫಿಗರೇಶನ್ ಫೈಲನ್ನು ನಾವು ಸೇವ್ ಮಾಡುವ ಗಳಿಗೆಯೂ, ಯಂತ್ರ ಅದನ್ನು ಓದುವ ಗಳಿಗೆಯೂ ಒಂದೇ ಅಲ್ಲ. ಎಫ್‌ಸ್ಟ್ಯಾಬನ್ನು ಯಂತ್ರ ಮುಖ್ಯವಾಗಿ ಏಳುವಾಗ ಓದುತ್ತದೆ. ಯಾರಿಗೆ ಸುಡೋ ಅಧಿಕಾರವಿದೆ ಎಂದು ಹೇಳುವ ಸುಡೋಯರ್ಸ್ ಫೈಲನ್ನು ಸುಡೋ ಪ್ರತಿ ಸಲವೂ ಓದುತ್ತದೆ. ದೂರದಿಂದ ಲಾಗಿನ್ ಆಗಲು ಬಿಡುವ ಎಸ್‌ಎಸ್‌ಎಚ್ ಸರ್ವರ್ ತನ್ನ ಫೈಲನ್ನು ರೀಲೋಡ್ ಮಾಡಿದಾಗ ಓದುತ್ತದೆ. ನಿಗದಿತ ಹೊತ್ತಿಗೆ ಕೆಲಸಗಳನ್ನು ಓಡಿಸುವ ಕ್ರಾನ್ ತನ್ನ ಪಟ್ಟಿ ಬದಲಾಗಿದೆಯೇ ಎಂದು ನಿಮಿಷಕ್ಕೊಮ್ಮೆ ನೋಡುತ್ತದೆ. ಸೇವ್ ಮತ್ತು ಓದುವಿಕೆಯ ನಡುವೆ ಅಂತರ ಹೆಚ್ಚಿದಷ್ಟೂ ತಪ್ಪು ಹೆಚ್ಚು ದಿನ ಅಡಗಿ ಕೂರುತ್ತದೆ, ಮತ್ತು ಹೊರಬಂದ ದಿನ ಏನು ತಿದ್ದಿದ್ದೆವೆಂಬ ನೆನಪೂ ಇರುವುದಿಲ್ಲ. ತಿದ್ದುವವರ ಕೆಲಸ ಸೇವ್ ಮಾಡಿದೊಡನೆ ಮುಗಿಯುವುದಿಲ್ಲ. ಆ ಅಂತರದಲ್ಲಿ, ಯಂತ್ರ ತಾನಾಗಿ ಓದುವ ಮೊದಲೇ, ನಾವೇ ಅದಕ್ಕೆ ಓದಿಸಿ ‘ಇದು ಸರಿಯೇ’ ಎಂದು ಕೇಳಬೇಕು.

ಎಫ್‌ಸ್ಟ್ಯಾಬಿನ ಮಟ್ಟಿಗೆ ಅದನ್ನು ಹೀಗೆ ಮಾಡಿ. ಮೊದಲು ‘ಸುಡೋ ಸಿಪಿ -ಎ’ ಬಳಸಿ ಈಗಿನ ಫೈಲಿನ ಒಂದು ಪ್ರತಿಯನ್ನು ರೂಟ್‌ನ ಹೋಮ್ ಫೋಲ್ಡರಿನಲ್ಲಿ, ಹೆಸರಿನ ಕೊನೆಗೆ ಆ ದಿನದ ತಾರೀಖು ಹಾಕಿ ಇಟ್ಟುಕೊಳ್ಳಿ. ಅಲ್ಲಿರುವ ‘-ಎ’ ಬಿಡಬಾರದು, ಏಕೆಂದರೆ ಅದು ಫೈಲಿನ ಮಾಲೀಕರು, ಅನುಮತಿ ಮತ್ತು ಸಮಯವನ್ನೂ ಹಾಗೆಯೇ ಉಳಿಸುತ್ತದೆ. ಬಳಿಕ ‘ಸುಡೋಎಡಿಟ್’ ಎಂಬ ಕಮಾಂಡಿನಿಂದ ಫೈಲನ್ನು ತೆರೆದು ತಿದ್ದಿ. ಸಾಲಿನಲ್ಲಿ ಆರು ಭಾಗಗಳಿರುತ್ತವೆ: ಡಿಸ್ಕಿನ ಗುರುತು, ಅದನ್ನು ಜೋಡಿಸುವ ಫೋಲ್ಡರ್, ಫೈಲ್‌ಸಿಸ್ಟಮ್ಮಿನ ಬಗೆ, ಆಯ್ಕೆಗಳು, ಮತ್ತು ಕೊನೆಯಲ್ಲಿ ಎರಡು ಅಂಕಿಗಳು. ಭಾಗಗಳನ್ನು ಬೇರ್ಪಡಿಸುವುದು ಬರೀ ಖಾಲಿ ಜಾಗ. ಬರವಣಿಗೆಯಲ್ಲಿ ಅಲ್ಪವಿರಾಮದ ನಂತರ ಜಾಗ ಬಿಡುವುದು ನಮಗೆಲ್ಲ ರೂಢಿಯಾಗಿರುವುದರಿಂದ ಅನೇಕರು ‘ಡಿಫಾಲ್ಟ್ಸ್’ ಎಂದು ಬರೆದು, ಅಲ್ಪವಿರಾಮ ಹಾಕಿ, ಜಾಗ ಬಿಟ್ಟು ‘ನೋಫೇಲ್’ ಎನ್ನುತ್ತಾರೆ. ಆಗ ‘ನೋಫೇಲ್’ ಐದನೆಯ ಭಾಗವಾಗುತ್ತದೆ, ಅಂಕಿ ಇರಬೇಕಾದ ಕಡೆ ಪದ ಬಂದು ಸಾಲೇ ಕೆಡುತ್ತದೆ. ಅಲ್ಪವಿರಾಮದ ಎರಡೂ ಬದಿಗೆ ಜಾಗವಿರಕೂಡದು.

ಸೇವ್ ಆದ ಮೇಲೆ ‘ಡಿಫ್ -ಯು’ ಕೊಟ್ಟು ಹಳೆಯ ಪ್ರತಿಯನ್ನೂ ಹೊಸ ಫೈಲನ್ನೂ ಹೋಲಿಸಿ. ತೆಗೆದ ಸಾಲಿನ ಮುಂದೆ ಕಳೆಯುವ ಚಿಹ್ನೆ, ಸೇರಿಸಿದ ಸಾಲಿನ ಮುಂದೆ ಕೂಡುವ ಚಿಹ್ನೆ ಕಾಣುತ್ತದೆ. ನೀವು ಸೇರಿಸಿದ್ದು ಒಂದೇ ಸಾಲಾಗಿದ್ದು ಅಲ್ಲಿ ಮೂರು ಕಂಡರೆ ಮುಂದುವರಿಯಬೇಡಿ, ಕೀಲಿಮಣೆಯ ಮೇಲೆ ಕೈ ತಾಗಿ ಬೇರೇನೋ ಬದಲಾಗಿದೆ ಎಂದರ್ಥ. ನಂತರ ‘ಸುಡೋ ಫೈಂಡ್‌ಎಂಎನ್‌ಟಿ --ವೆರಿಫೈ’ ಕೊಡಿ. ಗುರುತಿಸಿದ ಡಿಸ್ಕ್ ಇದೆಯೇ, ಜೋಡಿಸುವ ಫೋಲ್ಡರ್ ಇದೆಯೇ, ಫೈಲ್‌ಸಿಸ್ಟಮ್ಮಿನ ಬಗೆ ಹೊಂದುತ್ತದೆಯೇ ಎಂಬುದನ್ನು ಅದು ಏನನ್ನೂ ಬದಲಿಸದೆ ನೋಡಿ ಹೇಳುತ್ತದೆ. ಅದು ಸರಿ ಎಂದ ಮೇಲೆ ‘ಸುಡೋ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’ ಕೊಟ್ಟು, ಡಿಸ್ಕನ್ನು ಬಿಡಿಸಿ, ‘ಮೌಂಟ್ -ಎ’ ಕೊಟ್ಟು, ಫೈಲ್‌ಗಳು ಕಾಣುತ್ತವೆಯೇ ಎಂದು ಕಣ್ಣಾರೆ ನೋಡಿ. ಕೊನೆಗೆ ಕೆಲಸ ಕಡಿಮೆಯಿರುವ ಹೊತ್ತಿನಲ್ಲಿ, ಎದುರಿಗೆ ನೀವಿರುವಾಗಲೇ ಯಂತ್ರವನ್ನು ಒಮ್ಮೆ ರೀಬೂಟ್ ಮಾಡಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು, ಆದರೆ ಮದುವೆ ಹಂಗಾಮಿನಲ್ಲಿ ಲಗ್ನಪತ್ರಿಕೆಗಳ ಕೆಲಸ ತುಂಬಿ ತುಳುಕುವ ದಿನ ಕರೆಂಟು ಹೋಗಿ ತಪ್ಪು ಬಯಲಾಗುವುದಕ್ಕಿಂತ ಇದು ಎಷ್ಟೋ ಮೇಲು.

ಇಷ್ಟಾಗಿಯೂ ಎಮರ್ಜೆನ್ಸಿ ಮೋಡ್ ಬಂದರೆ ಹೆದರಬೇಕಿಲ್ಲ. ನಿಮ್ಮ ಡೇಟಾ ಎಲ್ಲಿಗೂ ಹೋಗಿರುವುದಿಲ್ಲ. ಅಲ್ಲಿ ಸಿಗುವ ಶೆಲ್ಲಿನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಪರದೆಯಲ್ಲಿ, ಮುಖ್ಯ ಡಿಸ್ಕ್ ಓದಲು ಮಾತ್ರ ತೆರೆದಿದ್ದರೆ, ರೀಮೌಂಟ್ ಮತ್ತು ಆರ್‌ಡಬ್ಲ್ಯೂ ಆಯ್ಕೆಗಳನ್ನು ಕೊಟ್ಟು ಅದನ್ನು ಬರೆಯುವಂತೆ ಮಾಡಿಕೊಂಡು, ರೂಟ್‌ನ ಹೋಮ್ ಫೋಲ್ಡರಿನಲ್ಲಿಟ್ಟ ಪ್ರತಿಯನ್ನು ಮರಳಿಸಿ ರೀಬೂಟ್ ಮಾಡಿದರಾಯಿತು. ಶೆಲ್ ಸಿಗದಿದ್ದರೆ ಉಬುಂಟು ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಡಿಸ್ಕನ್ನು ಅಲ್ಲಿಂದ ಮೌಂಟ್ ಮಾಡಿ ಇದೇ ಕೆಲಸ ಮಾಡಬಹುದು. ಅಂಥದೊಂದು ಪೆನ್‌ಡ್ರೈವ್ ಯಂತ್ರದ ಪಕ್ಕದ ಖಾನೆಯಲ್ಲಿ ಸದಾ ಇರಲಿ.

ಪ್ರಶ್ನೆ: ನಾನು ಧಾರವಾಡದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಸುಡೋಯರ್ಸ್ ಫೈಲನ್ನು ನ್ಯಾನೋ ಎಡಿಟರಿನಲ್ಲಿ ತೆರೆಯಲೇಬಾರದು, ವಿಸುಡೋದಲ್ಲೇ ತೆರೆಯಬೇಕು ಎಂದು ಹಿರಿಯರೊಬ್ಬರು ಹೇಳುತ್ತಾರೆ. ವಿಸುಡೋ ಕೊಟ್ಟರೆ ತೆರೆಯುವುದೂ ನ್ಯಾನೋವೇ ಆಗಿದೆ. ಹಾಗಾದರೆ ವ್ಯತ್ಯಾಸವೇನು? ಸುಡೋಎಡಿಟ್ ಇವೆರಡಕ್ಕಿಂತ ಬೇರೆಯೇ?

ಉತ್ತರ: ಹಿರಿಯರು ಹೇಳಿದ್ದು ಸರಿ, ಆದರೆ ಕಾರಣ ಎಡಿಟರಿನಲ್ಲಿಲ್ಲ. ಉಬುಂಟುವಿನಲ್ಲಿ ವಿಸುಡೋ ರೂಢಿಯಂತೆ ನ್ಯಾನೋವನ್ನೇ ತೆರೆಯುತ್ತದೆ. ಅದರ ಕೆಲಸವಿರುವುದು ಎಡಿಟರಿನ ಮೊದಲು ಮತ್ತು ಆನಂತರ. ಇಬ್ಬರು ಒಂದೇ ಹೊತ್ತಿಗೆ ಫೈಲನ್ನು ತಿದ್ದದಂತೆ ಅದು ಬೀಗ ಹಾಕುತ್ತದೆ. ನೀವು ತಿದ್ದುವುದು ತಾತ್ಕಾಲಿಕ ಪ್ರತಿಯನ್ನು. ಸೇವ್ ಮಾಡಿ ಹೊರಬಂದಾಗ ಅದರ ವ್ಯಾಕರಣ ಸರಿಯಿದೆಯೇ ಎಂದು ನೋಡಿ, ಸರಿಯಿದ್ದರೆ ಮಾತ್ರ ನಿಜವಾದ ಫೈಲಿನ ಜಾಗದಲ್ಲಿ ಕೂರಿಸುತ್ತದೆ. ತಪ್ಪಿದ್ದರೆ ಸಾಲಿನ ಸಂಖ್ಯೆ ಹೇಳಿ ‘ವಾಟ್ ನೌ’ ಎಂದು ಕೇಳುತ್ತದೆ. ಆಗ ‘ಇ’ ಒತ್ತಿದರೆ ಮತ್ತೆ ತಿದ್ದಬಹುದು, ‘ಎಕ್ಸ್’ ಒತ್ತಿದರೆ ಹಳೆಯ ಫೈಲ್ ಹಾಗೆಯೇ ಉಳಿಯುತ್ತದೆ. ದೊಡ್ಡಕ್ಷರದ ‘ಕ್ಯೂ’ ಒತ್ತಿದರೆ ತಪ್ಪಿದ್ದರೂ ಸೇವ್ ಆಗುತ್ತದೆ, ಅದನ್ನು ಎಂದೂ ಒತ್ತಬೇಡಿ.

ಈ ಎಚ್ಚರ ಯಾಕೆ ಬೇಕೆಂದರೆ, ಈ ಫೈಲನ್ನು ಓದುವುದು ಸುಡೋ, ಅದನ್ನು ಸರಿಪಡಿಸಲು ಬೇಕಾಗುವುದೂ ಸುಡೋ. ಹಳೆಯ ಆವೃತ್ತಿಗಳಲ್ಲಿ ಒಂದು ಸಾಲು ಕೆಟ್ಟರೂ ಸುಡೋ ಎಲ್ಲರಿಗೂ ಇಲ್ಲವೆನ್ನುತ್ತಿತ್ತು. ಹೊಸ ಆವೃತ್ತಿಗಳು ಕೆಟ್ಟ ಸಾಲನ್ನು ಬಿಟ್ಟು ಉಳಿದದ್ದನ್ನು ಓದಲು ನೋಡುತ್ತವೆ, ಆದರೆ ಬಿಟ್ಟ ಸಾಲು ನಿಮಗೆ ಅಧಿಕಾರ ಕೊಡುವ ಸಾಲೇ ಆಗಿದ್ದರೆ ಪರಿಣಾಮ ಒಂದೇ. ಉಬುಂಟುವಿನಲ್ಲಿ ರೂಟ್ ಖಾತೆಗೆ ಪಾಸ್‌ವರ್ಡ್ ಇರುವುದಿಲ್ಲವಾದ್ದರಿಂದ ಆಗ ರಿಕವರಿ ಮೋಡಿಗೇ ಹೋಗಬೇಕಾದೀತು. ಲ್ಯಾಬಿನ ವಿದ್ಯಾರ್ಥಿಗಳಿಗಾಗಿ ಹೊಸ ನಿಯಮ ಬರೆಯುವುದಿದ್ದರೆ ಮುಖ್ಯ ಫೈಲನ್ನು ಮುಟ್ಟದೆ ‘ಸುಡೋಯರ್ಸ್.ಡಿ’ ಫೋಲ್ಡರಿನಲ್ಲಿ ಬೇರೆ ಫೈಲ್ ಮಾಡಿ, ಅದನ್ನೂ ವಿಸುಡೋದ ‘-ಎಫ್’ ಆಯ್ಕೆಯಿಂದಲೇ ತೆರೆಯಿರಿ. ಆ ಫೈಲಿನ ಹೆಸರಿನಲ್ಲಿ ಚುಕ್ಕೆ ಇದ್ದರೆ ಸುಡೋ ಅದನ್ನು ಓದುವುದೇ ಇಲ್ಲ. ನಿಯಮ ಬರೆದರೂ ಏಕೆ ಜಾರಿಗೆ ಬರಲಿಲ್ಲವೆಂದು ಬೇಸರ ಪಡುವವರು ಮೊದಲು ಹೆಸರನ್ನು ನೋಡಬೇಕು.

ಸುಡೋಎಡಿಟ್ ಉಳಿದೆಲ್ಲ ಸಾಮಾನ್ಯ ಫೈಲ್‌ಗಳಿಗೆ. ಅದೂ ತಾತ್ಕಾಲಿಕ ಪ್ರತಿ ಮಾಡಿಕೊಂಡು, ಎಡಿಟರನ್ನು ನಿಮ್ಮ ಸಾಮಾನ್ಯ ಖಾತೆಯ ಅಧಿಕಾರದಲ್ಲೇ ತೆರೆದು, ಕೊನೆಗೆ ಬದಲಾವಣೆಯಿದ್ದರೆ ಮಾತ್ರ ಮೂಲಕ್ಕೆ ಬರೆಯುತ್ತದೆ. ವಿಸುಡೋದಂತೆ ಅದು ವ್ಯಾಕರಣ ನೋಡುವುದಿಲ್ಲ. ಆದರೆ ‘ಸುಡೋ ನ್ಯಾನೋ’ ಅಥವಾ ‘ಸುಡೋ ವಿಮ್’ ಎಂದಾಗ ಎಡಿಟರೇ ರೂಟ್ ಅಧಿಕಾರದಲ್ಲಿ ಓಡುವುದರಿಂದ ಅದರೊಳಗಿಂದ ಬೇರಾವ ಫೈಲನ್ನೂ ತಿಳಿಯದೆ ಅಳಿಸಿಬಿಡಬಹುದು. ಸುಡೋಎಡಿಟ್‌ನಲ್ಲಿ ಆ ಭಯವಿಲ್ಲ.

ಪ್ರಶ್ನೆ: ‘ಸುಡೋ ಎಕೋ’ ಎಂದು ಬರೆದು, ದೊಡ್ಡದು ಎನ್ನುವ ಚಿಹ್ನೆ ಹಾಕಿ ಇಟಿಸಿಯ ಫೈಲಿಗೆ ಒಂದು ಸಾಲು ಸೇರಿಸಲು ಹೋದರೆ ಪರ್ಮಿಶನ್ ಡಿನೈಡ್ ಎನ್ನುತ್ತದೆ. ಸುಡೋ ಹಾಕಿದ್ದೇನಲ್ಲ? (ಲಕ್ಷ್ಮೇಶ್ವರ)

ಉತ್ತರ: ಸುಡೋ ಅಧಿಕಾರ ಕೊಡುವುದು ಎಕೋ ಎಂಬ ಕಮಾಂಡಿಗೆ ಮಾತ್ರ. ಆ ಚಿಹ್ನೆಯನ್ನು ನೋಡಿ ಫೈಲನ್ನು ತೆರೆಯುವುದು ನಿಮ್ಮ ಶೆಲ್, ಅದಕ್ಕೆ ನಿಮ್ಮ ಸಾಮಾನ್ಯ ಅಧಿಕಾರವಷ್ಟೇ ಇದೆ. ಎಕೋದ ಉತ್ತರವನ್ನು ಪೈಪಿನ ಮೂಲಕ ‘ಸುಡೋ ಟೀ -ಎ’ಗೆ ಕಳಿಸಿದರೆ ಸಾಲು ಸೇರುತ್ತದೆ. ‘-ಎ’ ಮರೆತರೆ ಮಾತ್ರ ಹಳೆಯದೆಲ್ಲ ಅಳಿದು ಆ ಒಂದೇ ಸಾಲು ಉಳಿಯುತ್ತದೆ, ಆದ್ದರಿಂದ ಮಹತ್ವದ ಫೈಲಿಗೆ ಎಡಿಟರೇ ಕ್ಷೇಮ. ಇದೇ ಜಾತಿಯ ಇನ್ನೊಂದು ಅಪಾಯವೆಂದರೆ, ರೂಟ್ ಶೆಲ್ಲಿನಲ್ಲಿ ಸೆಡ್ ಎಂಬ ಪಠ್ಯ ತಿದ್ದುವ ಕಮಾಂಡಿನಿಂದ ಒಂದು ಫೈಲನ್ನು ಓದಿ ಉತ್ತರವನ್ನು ಅದೇ ಫೈಲಿಗೆ ತಿರುಗಿಸುವುದು. ಸೆಡ್ ಓದಲು ಶುರುಮಾಡುವ ಮೊದಲೇ ಶೆಲ್ ಆ ಫೈಲನ್ನು ಖಾಲಿ ಮಾಡಿರುತ್ತದೆ.

ಪ್ರಶ್ನೆ: ನಾವು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವರು. ಲೆಕ್ಕದ ಸರ್ವರ್ ಹುಬ್ಬಳ್ಳಿಯ ನಮ್ಮ ಕಚೇರಿಯಲ್ಲಿದೆ. ಎಸ್‌ಎಸ್‌ಎಚ್ ಮೂಲಕ ಇಲ್ಲಿಂದಲೇ ನೋಡಿಕೊಳ್ಳುತ್ತೇನೆ. ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀಲಿಯಿಂದ ಮಾತ್ರ ಒಳಬರುವಂತೆ ಮಾಡಬೇಕು, ಪೋರ್ಟ್ ಕೂಡ ಬದಲಿಸಬೇಕು ಎಂದಿದ್ದೇನೆ. ತಪ್ಪಾಗಿ ನಾನೇ ಹೊರಗುಳಿದರೆ ಹುಬ್ಬಳ್ಳಿಗೆ ಹೋಗಬೇಕಾಗುತ್ತದೆ. ದಯವಿಟ್ಟು ಸುರಕ್ಷಿತ ದಾರಿ ತಿಳಿಸಿ.

ಉತ್ತರ: ನಿಮ್ಮ ಭಯ ಸಕಾರಣವಾದದ್ದು, ಮತ್ತು ಅದಕ್ಕೆ ಪರಿಹಾರವೂ ಇದೆ. ಈಗ ತೆರೆದಿರುವ ಎಸ್‌ಎಸ್‌ಎಚ್ ಸಂಪರ್ಕವನ್ನು ಮುಚ್ಚಬೇಡಿ. ಸರ್ವರಿನ ಎಸ್‌ಎಸ್‌ಎಚ್ ಸೇವೆಯನ್ನು ರೀಲೋಡ್ ಮಾಡಿದರೂ, ರೀಸ್ಟಾರ್ಟ್ ಮಾಡಿದರೂ ಈಗಾಗಲೇ ಒಳಗಿರುವ ಸಂಪರ್ಕ ಸಾಮಾನ್ಯವಾಗಿ ಕಡಿಯುವುದಿಲ್ಲ. ಹೊಸ ಫೈಲಿನ ನಿಯಮಗಳು ಹೊಸದಾಗಿ ಬರುವವರಿಗೆ ಮಾತ್ರ. ಆದ್ದರಿಂದ ಎಲ್ಲ ತಿದ್ದುಪಡಿಯನ್ನೂ ಮೊದಲ ಕಿಟಕಿಯಲ್ಲಿ ಮಾಡಿ, ಎರಡನೆಯ ಕಿಟಕಿ ತೆರೆದು ಹೊಸದಾಗಿ ಲಾಗಿನ್ ಆಗಿ ನೋಡಿ. ಆಗದಿದ್ದರೆ ಮೊದಲ ಕಿಟಕಿಯಿಂದ ಹಳೆಯ ಪ್ರತಿಯನ್ನು ಮರಳಿಸಬಹುದು.

ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಬೇಡಿ. ಮೊದಲು ಕೀಲಿಯಿಂದ ಲಾಗಿನ್ ಆಗುತ್ತದೆಯೇ ನೋಡಿ, ಆದ ಮೇಲೆಯೇ ‘ಪಾಸ್‌ವರ್ಡ್‌ಅಥೆಂಟಿಕೇಶನ್’ ಎಂಬ ಆಯ್ಕೆಯನ್ನು ‘ನೋ’ ಮಾಡಿ. ಸೇವ್ ಮಾಡಿದ ಮೇಲೆ ‘ಸುಡೋ ಎಸ್‌ಎಸ್‌ಎಚ್‌ಡಿ -ಟಿ’ ಕೊಡಿ. ಏನೂ ಹೇಳದಿದ್ದರೆ ವ್ಯಾಕರಣ ಸರಿಯಿದೆ ಎಂದರ್ಥ, ತಪ್ಪಿದ್ದರೆ ಸಾಲಿನ ಸಂಖ್ಯೆ ಹೇಳುತ್ತದೆ. ಆದರೆ ವ್ಯಾಕರಣ ಸರಿಯಿದ್ದ ಮಾತ್ರಕ್ಕೆ ನೀವು ಬರೆದದ್ದೇ ಜಾರಿಯಾಗುತ್ತದೆ ಎಂದಲ್ಲ. ಇಲ್ಲಿ ಅನೇಕರು ಎಡವುತ್ತಾರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಸ್‌ಎಸ್‌ಎಚ್ ಸರ್ವರಿನ ಫೈಲಿನಲ್ಲಿ ಒಂದೇ ಆಯ್ಕೆ ಎರಡು ಕಡೆ ಬಂದರೆ ಮೊದಲು ಸಿಕ್ಕ ಬೆಲೆಯೇ ನಿಲ್ಲುತ್ತದೆ, ಕೊನೆಯದ್ದಲ್ಲ. ಉಬುಂಟುವಿನಲ್ಲಿ ಮುಖ್ಯ ಫೈಲಿನ ಮೇಲ್ಭಾಗದಲ್ಲೇ ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ’ ಫೋಲ್ಡರಿನ ಫೈಲ್‌ಗಳನ್ನು ಓದು ಎಂಬ ಸಾಲಿರುತ್ತದೆ. ಅಲ್ಲಿ ಕ್ಲೌಡ್-ಇನಿಟ್ ಎಂಬ ತಂತ್ರಾಂಶ ಇಟ್ಟ ಫೈಲಿನಲ್ಲಿ ಪಾಸ್‌ವರ್ಡಿಗೆ ‘ಯೆಸ್’ ಎಂದಿದ್ದರೆ, ನೀವು ಮುಖ್ಯ ಫೈಲಿನ ಕೆಳಗೆ ‘ನೋ’ ಎಂದು ಬರೆದರೂ ಅದಕ್ಕೆ ಬೆಲೆಯಿಲ್ಲ. ಬಾಗಿಲು ಮುಚ್ಚಿದೆಯೆಂದು ನೀವು ನೆಮ್ಮದಿಯಿಂದಿರುತ್ತೀರಿ, ಅದು ತೆರೆದೇ ಇರುತ್ತದೆ. ದೊಡ್ಡಕ್ಷರದ ‘-ಟಿ’ ಹಾಕಿ ಅದೇ ಕಮಾಂಡನ್ನು ಕೊಟ್ಟರೆ ಸರ್ವರ್ ಕೊನೆಗೆ ಯಾವ ಆಯ್ಕೆಗೆ ಯಾವ ಬೆಲೆ ತೆಗೆದುಕೊಂಡಿತು ಎಂಬ ಪೂರ್ಣ ಪಟ್ಟಿ ಬರುತ್ತದೆ. ಪಾಸ್‌ವರ್ಡಿನ ಸಾಲನ್ನು ಅದರಲ್ಲಿ ನೋಡಿಯೇ ನಂಬಬೇಕು.

ಪೋರ್ಟ್ ಬದಲಿಸುವಾಗ ಮೊದಲು ಫೈರ್‌ವಾಲಿನಲ್ಲಿ ಹೊಸ ಪೋರ್ಟನ್ನು ತೆರೆಯಿರಿ, ಹಳೆಯದನ್ನು ಆಗಲೇ ಮುಚ್ಚಬೇಡಿ. ಕಚೇರಿಯ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದ್ದರೆ ಅಲ್ಲಿಯೂ ಹೊಸದನ್ನು ಸೇರಿಸಿ. ನಿಮ್ಮದು ಉಬುಂಟು 24.04 ಆಗಿದ್ದರೆ ಪೋರ್ಟಿನ ಮೇಲೆ ಕಿವಿಗೊಟ್ಟು ಕೂರುವುದು ಎಸ್‌ಎಸ್‌ಎಚ್ ಸಾಕೆಟ್ ಎಂಬ ಬೇರೆ ಘಟಕ, ಆದ್ದರಿಂದ ಡೀಮನ್-ರೀಲೋಡ್ ಕೊಟ್ಟು ಆ ಸಾಕೆಟನ್ನು ರೀಸ್ಟಾರ್ಟ್ ಮಾಡಿದರೆ ಮಾತ್ರ ಪೋರ್ಟ್ ಬದಲಾಗುತ್ತದೆ.

ನಾಳೆ ನೆಟ್‌ವರ್ಕಿನ ವಿಳಾಸ ಬದಲಿಸುವ ಸಂದರ್ಭ ಬಂದರೆ ತೆರೆದಿಟ್ಟ ಕಿಟಕಿಯೂ ಕಡಿಯುತ್ತದೆ ಎಂಬುದು ನೆನಪಿರಲಿ. ಅದಕ್ಕೆ ‘ನೆಟ್‌ಪ್ಲಾನ್ ಟ್ರೈ’ ಇದೆ. ಹೊಸ ವ್ಯವಸ್ಥೆಯನ್ನು ಜಾರಿಗೆ ತಂದು 120 ಸೆಕೆಂಡು ಕಾಯುತ್ತದೆ, ಅಷ್ಟರೊಳಗೆ ನೀವು ಎಂಟರ್ ಒತ್ತದಿದ್ದರೆ ಹಳೆಯದಕ್ಕೆ ತಾನೇ ಮರಳುತ್ತದೆ.

ಪ್ರಶ್ನೆ: ಸ್ನೇಹಿತರು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಸಾಲನ್ನು ಕಾನ್ಫಿಗರೇಶನ್ ಫೈಲಿಗೆ ಅಂಟಿಸಿದೆ. ಅವರ ಯಂತ್ರದಲ್ಲಿ ನಡೆಯುತ್ತದೆ, ನನ್ನದರಲ್ಲಿ ತಪ್ಪು ಎನ್ನುತ್ತದೆ. ಅಕ್ಷರ ಅಕ್ಷರವೂ ಒಂದೇ ಇದೆ. ಇದು ಹೇಗೆ ಸಾಧ್ಯ? (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಕಣ್ಣಿಗೆ ಒಂದೇ ಇದ್ದರೂ ಯಂತ್ರಕ್ಕೆ ಬೇರೆಯಾಗಿರಬಹುದು. ‘ಕ್ಯಾಟ್’ ಕಮಾಂಡಿಗೆ ದೊಡ್ಡಕ್ಷರದ ‘-ಎ’ ಸೇರಿಸಿ ಆ ಫೈಲನ್ನು ನೋಡಿ. ಪ್ರತಿ ಸಾಲಿನ ಕೊನೆಗೆ ಡಾಲರ್ ಚಿಹ್ನೆ ಬರುತ್ತದೆ, ಅದು ಸಹಜ. ಡಾಲರಿನ ಹಿಂದೆ ‘^’ ಚಿಹ್ನೆ ಮತ್ತು ದೊಡ್ಡಕ್ಷರದ ‘ಎಂ’ ಇದ್ದರೆ ಆ ಫೈಲ್ ವಿಂಡೋಸಿನಲ್ಲಿ ಸೇವ್ ಆದದ್ದು, ‘ಡಾಸ್2ಯುನಿಕ್ಸ್’ ಅದನ್ನು ಸರಿಮಾಡುತ್ತದೆ. ಸಾಲಿನ ನಡುವೆ ದೊಡ್ಡಕ್ಷರದ ‘ಎಂ’, ಹೈಫನ್, ಸಣ್ಣಕ್ಷರದ ‘ಬಿ’ ಎಂದು ಶುರುವಾಗುವ ತುಂಡು ಕಂಡರೆ ಅಲ್ಲಿ ಬಾಗಿದ ಉದ್ಧರಣ ಚಿಹ್ನೆಯೋ, ಹೈಫನ್ನಿನ ಜಾಗದಲ್ಲಿ ಉದ್ದ ಗೆರೆಯೋ ಕೂತಿದೆ. ಫೋನಿನ ಕೀಬೋರ್ಡೂ ವರ್ಡ್ ಪ್ರೊಸೆಸರೂ ನೇರ ಚಿಹ್ನೆಗಳನ್ನು ಅಂದವಾದ ಚಿಹ್ನೆಗಳಾಗಿ ತಾವಾಗಿಯೇ ಬದಲಿಸುತ್ತವೆ.

ಕನ್ನಡದಲ್ಲಿ ಟೈಪ್ ಮಾಡುವ ನಮಗೆ ಇನ್ನೊಂದು ಎಚ್ಚರ ಬೇಕು. ‘ಫೈಲ್‌ಗಳು’ ಎಂದು ಬರೆಯುವಾಗ ‘ಲ್’ ಮತ್ತು ‘ಗ’ ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ನಡುವೆ ಒಂದು ಕಾಣದ ಸಂಕೇತ ಸೇರುತ್ತದೆ, ಅದರ ಸಂಖ್ಯೆ ಯು+200ಸಿ. ಕನ್ನಡ ವಾಕ್ಯದ ನಡುವೆ ಕೊಟ್ಟ ಕಮಾಂಡನ್ನು ಕಾಪಿ ಮಾಡುವಾಗ ಅದೂ ಅಂಟಿಕೊಂಡು ಬರಬಹುದು. ಅಗಲವೇ ಇಲ್ಲದ ಅದನ್ನು ಕಣ್ಣು ಹಿಡಿಯಲಾರದು, ‘ಕ್ಯಾಟ್’ ಮಾತ್ರ ಹಿಡಿಯುತ್ತದೆ. ಹಾಗೆಂದು ಕಂಡದ್ದನ್ನೆಲ್ಲ ಅಳಿಸಬೇಡಿ: ಹ್ಯಾಷ್ ಚಿಹ್ನೆಯಿಂದ ಶುರುವಾಗುವ ಟಿಪ್ಪಣಿ ಸಾಲುಗಳಲ್ಲಿ ನೀವೇ ಕನ್ನಡದಲ್ಲಿ ಬರೆದಿದ್ದರೆ ಅದೂ ಇಂಥದೇ ವಿಚಿತ್ರ ತುಂಡುಗಳಾಗಿ ಕಾಣುತ್ತದೆ, ಸಾಮಾನ್ಯವಾಗಿ ಅದರಿಂದ ತೊಂದರೆಯಿಲ್ಲ. ತಪ್ಪಿರುವ ಸಾಲನ್ನು ಅಳಿಸಿ ಕೈಯಿಂದಲೇ ಮತ್ತೆ ಟೈಪ್ ಮಾಡುವುದು ಎಲ್ಲಕ್ಕಿಂತ ಬೇಗ ಆಗುವ ಪರಿಹಾರ.

ಪ್ರಶ್ನೆ: ಎಂಜಿನ್‌ಎಕ್ಸ್ (nginx) ಎಂಬ ವೆಬ್ ಸರ್ವರಿನ ಫೈಲ್ ತಿದ್ದುವ ಮೊದಲು ಅದರ ಪಕ್ಕದಲ್ಲೇ ಬ್ಯಾಕಪ್ ಇಟ್ಟೆ. ಈಗ ಒಂದೇ ವಿಷಯವನ್ನು ಎರಡು ಸಲ ಹೇಳಿದ್ದೀರಿ ಎಂಬ ದೋಷ ಬರುತ್ತಿದೆ. (ರಾಣೆಬೆನ್ನೂರು)

ಉತ್ತರ: ಡೆಬಿಯನ್ ಮತ್ತು ಉಬುಂಟುವಿನಲ್ಲಿ ಎಂಜಿನ್‌ಎಕ್ಸ್ ‘ಸೈಟ್ಸ್-ಎನೇಬಲ್ಡ್’ ಫೋಲ್ಡರಿನಲ್ಲಿರುವ ಎಲ್ಲ ಫೈಲ್‌ಗಳನ್ನೂ ಹೆಸರು ನೋಡದೆ ಓದುತ್ತದೆ. ನಿಮ್ಮ ಬ್ಯಾಕಪ್ ಅದಕ್ಕೆ ಇನ್ನೊಂದು ಸೈಟು. ಪ್ರತಿಯನ್ನು ಬೇರೆ ಫೋಲ್ಡರಿಗೆ ಸಾಗಿಸಿ, ‘ಸುಡೋ ಎಂಜಿನ್‌ಎಕ್ಸ್ -ಟಿ’ ಕೊಟ್ಟು ನೋಡಿ, ಆಮೇಲೆ ರೀಲೋಡ್ ಮಾಡಿ. ಪದೇ ಪದೇ ತಿದ್ದುವವರು ‘ಇಟಿಸಿಕೀಪರ್’ ಹಾಕಿಕೊಳ್ಳುವುದು ಒಳ್ಳೆಯದು. ಅದು ಇಟಿಸಿ ಫೋಲ್ಡರನ್ನು ಪೂರ್ತಿಯಾಗಿ, ಬದಲಾವಣೆಗಳ ಇತಿಹಾಸ ಉಳಿಸುವ ಗಿಟ್‌ನಲ್ಲಿ ಇಟ್ಟು, ಎಪಿಟಿಯಿಂದ ಪ್ಯಾಕೇಜು ಹಾಕಿದಾಗಲೆಲ್ಲ ಬದಲಾವಣೆಯನ್ನು ದಾಖಲಿಸುತ್ತದೆ, ಫೈಲ್‌ಗಳ ಅನುಮತಿಯನ್ನೂ ನೆನಪಿಡುತ್ತದೆ. ಪಾಸ್‌ವರ್ಡ್ ಹ್ಯಾಷ್‌ಗಳಿರುವ ಶ್ಯಾಡೋ ಫೈಲೂ ಅದರಲ್ಲಿ ಸೇರುವುದರಿಂದ ಆ ಗಿಟ್ ಸಂಗ್ರಹವನ್ನು ಗಿಟ್‌ಹಬ್ಬಿನಂಥ ಹೊರಗಿನ ಜಾಗಕ್ಕೆ ಪುಶ್ ಮಾಡಬೇಡಿ.